‘ಹ್ಯಾಡ್’ ಎಲ್ಲಿ ಬೇಕು, ಎಲ್ಲಿ ಬೇಡ? ಇಂಗ್ಲಿಷ್ ಟೆನ್ಸ್ ಕಲಿಯಲು ಒಂದು ದಾರಿ

ಶಾಲೆಯಲ್ಲಿ ಹನ್ನೆರಡು ಟೆನ್ಸ್‌ಗಳ ಚಾರ್ಟನ್ನು ಬಾಯಿಪಾಠ ಮಾಡದವರು ಕಡಿಮೆ. ಆದರೂ ಮಂಗಳೂರಿನಲ್ಲಿ ಒಂದು ಇಂಟರ್‌ವ್ಯೂಗೆ ಕೂತಾಗ ಬಾಯಿಗೆ ಬರುವುದು ‘ಯೆಸ್ಟರ್‌ಡೇ ಐ ಹ್ಯಾಡ್ ಗಾನ್ ಟು ಉಡುಪಿ’. ಹೇಳಿದವರಿಗೆ ಇಂಗ್ಲಿಷ್ ಬರುವುದಿಲ್ಲ ಅಂತಲ್ಲ. ತಲೆಯಲ್ಲಿ ‘ನಿನ್ನೆ ಉಡುಪಿಗೆ ಹೋಗಿದ್ದೆ’ ಅಂತ ಇತ್ತು, ಅದೇ ಹಾಗೇ ಇಂಗ್ಲಿಷಿಗೆ ಇಳಿಯಿತು.

ಕನ್ನಡದಲ್ಲಿ ‘ನಿನ್ನೆ ಹೋದೆ’ ಅಂದರೂ ಸರಿ, ‘ನಿನ್ನೆ ಹೋಗಿದ್ದೆ’ ಅಂದರೂ ಸರಿ. ಇಂಗ್ಲಿಷಿನಲ್ಲಿ ಸುಮ್ನೆ ನಿನ್ನೆಯ ವಿಷಯ ಹೇಳುವಾಗ ‘ಐ ವೆಂಟ್’ ಸಾಕು. ಹಾಗಾಗಿ ಕ್ರಿಯಾಪದದ ಕೊನೆಯನ್ನು ಹೊಂದಿಸಲು ಹೋಗಬೇಡಿ. ಮೊದಲು ಕೇಳಿಕೊಳ್ಳಬೇಕಾದ್ದು: ಇದು ಯಾವಾಗಿನ ಮಾತು? ಮುಗಿದಿದೆಯೋ, ಇನ್ನೂ ನಡೆಯುತ್ತಿದೆಯೋ?

ಮೊದಲು: ಯಾವಾಗಲೂ ನಡೆಯುವುದೋ, ಈಗಿನದೋ?

ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳು ಮೀನಿಗೆ ಹೋಗುವಂತಿಲ್ಲ. ಇದು ಪ್ರತಿ ವರ್ಷದ ಮಾತು. ಆದ್ದರಿಂದ ಸಿಂಪಲ್ ಪ್ರೆಸೆಂಟ್: ‘ದ ಬೋಟ್ಸ್ ಸ್ಟೇ ಇನ್ ಮಲ್ಪೆ ಹಾರ್ಬರ್ ಇನ್ ಜೂನ್ ಆಂಡ್ ಜುಲೈ’. ಅಕ್ಟೋಬರಿನಲ್ಲಿ ಒಂದು ದಿನ ಗಾಳಿ ಜೋರಾಗಿ ದೋಣಿಗಳು ದಡದಲ್ಲೇ ನಿಂತಿವೆ ಅಂದುಕೊಳ್ಳಿ. ಅದು ಇವತ್ತಿನ ಮಟ್ಟಿಗೆ ಮಾತ್ರ. ಆಗ ‘ದ ಬೋಟ್ಸ್ ಆರ್ ಸ್ಟೇಯಿಂಗ್ ಇನ್ ಹಾರ್ಬರ್ ಟುಡೇ’. ಉಡುಪಿ ಕೃಷ್ಣ ಮಠದ ಪರ್ಯಾಯ ಉತ್ಸವ ಎರಡು ವರ್ಷಕ್ಕೊಮ್ಮೆ ಬರುತ್ತದೆ, ಹಾಗಾಗಿ ‘ಟೇಕ್ಸ್ ಪ್ಲೇಸ್ ಎವ್ರಿ ಟೂ ಇಯರ್ಸ್’.

ಇಲ್ಲಿ ಒಂದು ಎಚ್ಚರ. ನೋ (ಗೊತ್ತಿರುವುದು), ವಾಂಟ್, ಲೈಕ್, ಬಿಲಾಂಗ್ ಇಂಥ ಪದಗಳಿಗೆ ಸಾಮಾನ್ಯವಾಗಿ ‘ಇಂಗ್’ ಸೇರುವುದಿಲ್ಲ. ‘ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್’ ನಮ್ಮ ಕಡೆ ತುಂಬ ಕೇಳಿಬರುತ್ತದೆ. ‘ಐ ಹ್ಯಾವ್ ಟೂ ಬ್ರದರ್ಸ್’ ಅಂದರೆ ಮುಗಿಯಿತು. ‘ಐ ಆಮ್ ಹ್ಯಾವಿಂಗ್ ಲಂಚ್’ ಸರಿ, ಯಾಕೆಂದರೆ ಊಟ ಈಗ ನಡೆಯುತ್ತಿರುವ ಕೆಲಸ. ಅಣ್ಣತಮ್ಮಂದಿರು ಇರುವುದು ಕೆಲಸವಲ್ಲ, ಅಲ್ವಾ?

ಎರಡನೆಯದು: ಮುಗಿದ ಸಮಯ ಹೇಳಿದ್ದೀರಾ?

ಎಲ್ಲಕ್ಕಿಂತ ಜಾಸ್ತಿ ತಪ್ಪು ಆಗುವುದು ಇಲ್ಲೇ. ಯೆಸ್ಟರ್‌ಡೇ, ಲಾಸ್ಟ್ ವೀಕ್, ಇನ್ 2014 ಹೀಗೆ ಮುಗಿದುಹೋದ ಒಂದು ಹೊತ್ತನ್ನು ಹೆಸರಿಸಿದಿರಾ? ಹಾಗಾದರೆ ಸಿಂಪಲ್ ಪಾಸ್ಟ್, ಹ್ಯಾಸ್ ಹ್ಯಾವ್ ಬೇಡ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ ‘ಸ್ಟಾರ್ಟೆಡ್ ಇನ್ 1843’. ಉಡುಪಿ ‘ಬಿಕೇಮ್ ಎ ಡಿಸ್ಟ್ರಿಕ್ಟ್ ಇನ್ 1997’. ಇಲ್ಲಿ ‘ಹ್ಯಾಸ್ ಬಿಕಮ್ ಇನ್ 1997’ ಅನ್ನುವಂತಿಲ್ಲ.

ಸಮಯ ಹೇಳದೆ, ಅದರ ಪರಿಣಾಮ ಈಗ ಕಣ್ಣೆದುರು ಇದೆ ಅಂತ ಹೇಳುವಾಗ ಹ್ಯಾಸ್ ಅಥವಾ ಹ್ಯಾವ್ ಬರುತ್ತದೆ. ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಲ್ಲಿ ನಿಂತಿದ್ದೀರಿ, ಉಡುಪಿಯ ಎಕ್ಸ್‌ಪ್ರೆಸ್ ಬಸ್ ಹೋಗಿಯಾಗಿದೆ. ಈ ಮೂರು ವಾಕ್ಯ ನೋಡಿ.

‘ದ ಬಸ್ ಹ್ಯಾಸ್ ಲೆಫ್ಟ್.’ ಈಗ ಬಸ್ ಇಲ್ಲ, ನೀವು ಇನ್ನೊಂದಕ್ಕೆ ಕಾಯಬೇಕು.

‘ದ ಬಸ್ ಲೆಫ್ಟ್ ಅಟ್ ಟೆನ್.’ ಹೊರಟ ಹೊತ್ತು ಹೇಳುತ್ತಿದ್ದೀರಿ.

‘ವೆನ್ ಐ ರೀಚ್ಡ್ ಸ್ಟೇಟ್‌ಬ್ಯಾಂಕ್, ದ ಬಸ್ ಹ್ಯಾಡ್ ಲೆಫ್ಟ್.’ ಇಲ್ಲಿ ಎರಡು ಸಂಗತಿ ಇವೆ, ಎರಡೂ ಮುಗಿದಿವೆ. ಮೊದಲು ಆದದ್ದು ಬಸ್ ಹೊರಟದ್ದು, ಆಮೇಲೆ ನೀವು ಬಂದದ್ದು. ಮೊದಲಿನದಕ್ಕೆ ಹ್ಯಾಡ್.

ಮೂರನೆಯ ವಾಕ್ಯದಿಂದ ಹ್ಯಾಡ್ ತೆಗೆದು ‘ವೆನ್ ಐ ರೀಚ್ಡ್, ದ ಬಸ್ ಲೆಫ್ಟ್’ ಅಂದರೆ ಅರ್ಥವೇ ಬೇರೆ. ನೀವು ಬಂದ ಮೇಲೆ ಬಸ್ ಹೊರಟಿತು ಅಂತಾಯಿತು. ಹ್ಯಾಡ್ ಬೇಕಾಗುವುದು ಹೀಗೆ ಹಿಂದಿನ ಒಂದು ಘಟನೆಗಿಂತಲೂ ಹಿಂದಿನದನ್ನು ಹೇಳುವಾಗ. ಆ ಎರಡನೇ ಘಟನೆ ನಿಮ್ಮ ಮಾತಿನಲ್ಲಿ ಎಲ್ಲೂ ಇಲ್ಲದಿದ್ದರೆ ಹ್ಯಾಡ್ ಬಿಟ್ಟುಬಿಡಿ.

ಮನೆಯಲ್ಲಿ ತುಳು ಮಾತಾಡುವವರಿಗೆ ಮೊದಲೆರಡು ವಾಕ್ಯಗಳ ವ್ಯತ್ಯಾಸ ಹೊಸದೇನಲ್ಲ. ‘ಬಸ್ ಪೋಂಡು’ (ಹೋಯಿತು) ಮತ್ತು ‘ಬಸ್ ಪೋತುಂಡು’ (ಹೋಗಿದೆ) ಬೇರೆ ಬೇರೆ ಅಂತ ಸಣ್ಣ ಮಕ್ಕಳಿಗೂ ಗೊತ್ತು. ಲೆಫ್ಟ್, ಹ್ಯಾಸ್ ಲೆಫ್ಟ್ ಕಲಿಯುವಾಗ ಆ ಜೋಡಿಯನ್ನು ನೆನಪಿಸಿಕೊಳ್ಳಿ.

‘ಡಿಡ್’ ಬಂದ ಕೂಡಲೇ ಕ್ರಿಯಾಪದ ಮೂಲರೂಪಕ್ಕೆ ಮರಳುತ್ತದೆ ಅನ್ನುವುದೂ ಗೊತ್ತಿರಲಿ. ‘ಐ ಡಿಡ್ ನಾಟ್ ವೆಂಟ್’ ಅಲ್ಲ, ‘ಐ ಡಿಡ್ ನಾಟ್ ಗೋ’.

ಮೂರನೆಯದು: ಹಿಂದೆ ಶುರುವಾಗಿ ಇನ್ನೂ ನಡೆಯುತ್ತಿದೆಯಾ?

‘ಐದು ವರ್ಷದಿಂದ ಮಂಗಳೂರಿನಲ್ಲಿದ್ದೇನೆ’ ಎನ್ನುವುದನ್ನು ‘ಐ ಆಮ್ ಇನ್ ಮಂಗಳೂರು ಸಿನ್ಸ್ ಫೈವ್ ಇಯರ್ಸ್’ ಅಂದುಬಿಡುತ್ತೇವೆ. ಇದರಲ್ಲಿ ಎರಡು ತಪ್ಪು ಇವೆ. ಆಗ ಶುರುವಾಗಿ ಈಗಲೂ ಇರುವುದಕ್ಕೆ ‘ಆಮ್’ ಸಾಲದು, ‘ಹ್ಯಾವ್ ಬೀನ್’ ಬೇಕು. ಇನ್ನೊಂದು, ಕನ್ನಡದ ‘ಇಂದ’ ಎರಡು ಕಡೆಯೂ ಕೆಲಸ ಮಾಡುತ್ತದೆ: 2020ರಿಂದ, ಐದು ವರ್ಷದಿಂದ. ಇಂಗ್ಲಿಷಿನಲ್ಲಿ ಶುರುವಾದ ಹೊತ್ತಿಗೆ ‘ಸಿನ್ಸ್’, ಕಳೆದ ಅವಧಿಗೆ ‘ಫಾರ್’. ‘ಐ ಹ್ಯಾವ್ ಬೀನ್ ಇನ್ ಮಂಗಳೂರು ಫಾರ್ ಫೈವ್ ಇಯರ್ಸ್.’ ‘ಉಡುಪಿ ಹ್ಯಾಸ್ ಬೀನ್ ಎ ಡಿಸ್ಟ್ರಿಕ್ಟ್ ಸಿನ್ಸ್ 1997.’ ಮೇಲೆ ಅದೇ 1997ಕ್ಕೆ ‘ಬಿಕೇಮ್’ ಬಳಸಿದ್ದೆವು. ಜಿಲ್ಲೆ ಆದದ್ದು ಒಂದು ದಿನದ ಸಂಗತಿ, ಜಿಲ್ಲೆಯಾಗಿ ಇರುವುದು ಇವತ್ತಿನವರೆಗಿನ ಮಾತು.

ನಾಳೆಯ ಮಾತು

ಕನ್ನಡದಲ್ಲಿ ‘ದಿನಾ ಬರುತ್ತೇನೆ’, ‘ನಾಳೆ ಬರುತ್ತೇನೆ’ ಎರಡಕ್ಕೂ ಒಂದೇ ರೂಪ. ಅದಕ್ಕೇ ‘ಐ ಕಮ್ ಟುಮಾರೋ’ ಬಾಯಿಗೆ ಬರುತ್ತದೆ. ಈಗಷ್ಟೇ ತೀರ್ಮಾನಿಸಿದ್ದು, ಮಾತು ಕೊಡುವುದು ಆದರೆ ‘ಐ ವಿಲ್ ಕಮ್’. ಮೊದಲೇ ಮನಸ್ಸು ಮಾಡಿಯಾಗಿದ್ದರೆ ‘ಐ ಆಮ್ ಗೋಯಿಂಗ್ ಟು ಅಪ್ಲೈ’. ನಮ್ಮ ಊರಿನ ‘ಹೋಗ್ಲಿಕ್ಕುಂಟು’ ಅನ್ನುವುದಕ್ಕೆ ‘ಐ ಹ್ಯಾವ್ ಟು ಗೋ’ ಚೆನ್ನಾಗಿ ಕೂರುತ್ತದೆ. ‘ತಲುಪಿದ ಮೇಲೆ ಫೋನ್ ಮಾಡ್ತೇನೆ’ ಅನ್ನುವಾಗ ಒಂದೇ ವಿಲ್ ಸಾಕು: ‘ಐ ವಿಲ್ ಕಾಲ್ ಯೂ ವೆನ್ ಐ ರೀಚ್’. ವೆನ್ ಆದಮೇಲೆ ಇನ್ನೊಂದು ವಿಲ್ ಬೇಡ.

ಈಗ ನಿಮ್ಮದನ್ನು ಬರೆಯಿರಿ

ಹನ್ನೆರಡನ್ನೂ ಒಟ್ಟಿಗೆ ಕಲಿಯಲು ಹೊರಡಬೇಡಿ. ‘ವಿಲ್ ಹ್ಯಾವ್ ಬೀನ್ ಡೂಯಿಂಗ್’ ಇಲ್ಲದೆಯೂ ದಿನನಿತ್ಯದ ಮಾತು ಆರಾಮವಾಗಿ ನಡೆಯುತ್ತದೆ. ನಿಮ್ಮ ಪರಿಚಯವನ್ನು ನಾಲ್ಕೈದು ಸಾಲಿನಲ್ಲಿ ಬರೆದರೆ ಬೇಕಾದ್ದೆಲ್ಲ ಅದರಲ್ಲೇ ಬಂದುಬಿಡುತ್ತದೆ. ಒಂದು ಮಾದರಿ:

‘ಐ ಲಿವ್ ಇನ್ ಕಾಪು. ಐ ಫಿನಿಶ್ಡ್ ಮೈ ಬಿ.ಕಾಂ. ಇನ್ 2021. ಐ ಹ್ಯಾವ್ ಬೀನ್ ವರ್ಕಿಂಗ್ ಇನ್ ಎ ಸೊಸೈಟಿ ಫಾರ್ ಥ್ರೀ ಇಯರ್ಸ್. ಐ ಹ್ಯಾಡ್ ಲರ್ನ್ಡ್ ಟ್ಯಾಲಿ ಬಿಫೋರ್ ಐ ಜಾಯಿನ್ಡ್. ನೌ ಐ ಆಮ್ ಪ್ರಿಪೇರಿಂಗ್ ಫಾರ್ ಬ್ಯಾಂಕ್ ಎಕ್ಸಾಮ್ಸ್.’

ಪ್ರತಿ ಕ್ರಿಯಾಪದದ ಕೆಳಗೆ ಗೆರೆ ಎಳೆದು, ಅದು ಯಾವ ಹೊತ್ತಿನದು ಅಂತ ಪಕ್ಕದಲ್ಲಿ ಕನ್ನಡದಲ್ಲೇ ಬರೆಯಿರಿ. ನಾಲ್ಕನೇ ವಾಕ್ಯದಲ್ಲಿ ‘ಐ ಲರ್ನ್ಡ್ ಟ್ಯಾಲಿ ಬಿಫೋರ್ ಐ ಜಾಯಿನ್ಡ್’ ಅಂದರೂ ತಪ್ಪಿಲ್ಲ, ಯಾವುದು ಮೊದಲು ಅಂತ ‘ಬಿಫೋರ್’ ಹೇಳಿಯಾಗಿದೆ. ಆಮೇಲೆ ಅದನ್ನು ಮನೆಯಲ್ಲಿ ಯಾರ ಎದುರಾದರೂ ಗಟ್ಟಿಯಾಗಿ ಓದಿ, ಅವರಿಂದ ಪ್ರಶ್ನೆ ಕೇಳಿಸಿಕೊಳ್ಳಿ. ಎಷ್ಟೋ ಸಲ ಉತ್ತರದ ಟೆನ್ಸ್ ಪ್ರಶ್ನೆಯಲ್ಲೇ ಇರುತ್ತದೆ. ‘ಹೌ ಲಾಂಗ್ ಹ್ಯಾವ್ ಯೂ ಬೀನ್ ವರ್ಕಿಂಗ್ ದೇರ್?’ ಅಂತ ಕೇಳಿದರೆ ‘ಐ ಹ್ಯಾವ್ ಬೀನ್’ ಅಂತಲೇ ಶುರು ಮಾಡಿ. ‘ವಾಟ್ ಡಿಡ್ ಯೂ ಡೂ ಬಿಫೋರ್ ದಟ್?’ ಅಂದರೆ ಸಿಂಪಲ್ ಪಾಸ್ಟ್‌ನಲ್ಲಿ ಉತ್ತರಿಸಿ.