ನೀಲಗಿರಿ ಕಿತ್ತ ನೆಲದಲ್ಲಿ ಕಾಡುಗಿಡ ಬೆಳೆಸುವುದು ಹೇಗೆ?

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆ ಹಳೇ ನೀಲಗಿರಿ ತೋಪು ತೆಗೆಸುವವರು ಈಗ ಜಾಸ್ತಿಯಾಗಿದ್ದಾರೆ. 1980ರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಲ್ಲಿ ರಾಗಿ ಹೊಲಕ್ಕೂ ಬಂದು ಕೂತ ಮರ ಇದು. 2017ರಲ್ಲಿ ರಾಜ್ಯ ಸರ್ಕಾರ ಇದನ್ನು ಹೊಸದಾಗಿ ನೆಡುವುದನ್ನೇ ನಿಷೇಧಿಸಿತು. ತೆಗೆಸುವುದು ಒಳ್ಳೆಯದೇ. ಆದರೆ ಆಮೇಲೆ ನಡೆಯುವುದನ್ನು ನೋಡಿದರೆ ಸಂಕಟವಾಗುತ್ತದೆ. ಜೆಸಿಬಿ ಹೋಗಿ ತಿಂಗಳಾಗಿರುವುದಿಲ್ಲ, ಜೂನ್ 5ರ ಪರಿಸರ ದಿನಕ್ಕೆ ಎದೆಯೆತ್ತರದ ಸಸಿ ತಂದು ನೆಟ್ಟುಬಿಡುತ್ತಾರೆ. ಆಷಾಢದ ಗಾಳಿಗೆ ಎಲೆ ಉದುರುತ್ತದೆ. ದೀಪಾವಳಿ ಹೊತ್ತಿಗೆ ಬರೀ ಕಡ್ಡಿ. ನಮ್ಮ ಎರಡು ಎಕರೆಯಲ್ಲೂ ಮೊದಲ ವರ್ಷ ಹೀಗೇ ಆಯಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಶುರು ಮಾಡುವ ಮೊದಲು ಒಂದು ಮಾತು. ನಿಮ್ಮ ನೆಲ ಹಿಂದಿನಿಂದಲೂ ಹುಲ್ಲುಗಾವಲಾಗಿದ್ದರೆ, ಅಂದರೆ ಕಾವಲು ಭೂಮಿಯಾಗಿದ್ದರೆ, ಅಲ್ಲಿ ಮರ ನೆಡಲೇಬೇಡಿ. ಅದು ಹಾಳು ಬಿದ್ದ ಜಾಗವಲ್ಲ, ಅದರ ಸಹಜ ರೂಪವೇ ಅದು. ರಾಣೆಬೆನ್ನೂರಿನ ಕೃಷ್ಣಮೃಗಗಳ ಬಯಲಿನಲ್ಲಿ ನೀಲಗಿರಿ ಬೆಳೆಸಿದ್ದರಿಂದ ಹುಲ್ಲೇ ಕಡಿಮೆಯಾಯಿತು. ಅಂಥ ಕಡೆ ಹುಲ್ಲನ್ನು ಕಾಪಾಡಿದರೆ ಸಾಕು.

1. ಬೊಡ್ಡೆ ಕೀಳಿಸಿ, ಗುಂಡಿ ಮುಚ್ಚಬೇಡಿ

ನೀಲಗಿರಿಯನ್ನು ಬರೀ ಕಡಿದರೆ ಕೂಳೆ ಚಿಗುರುತ್ತದೆ. ಬೊಡ್ಡೆ ಸಮೇತ ಕೀಳಿಸಿ. ಕಿತ್ತ ಮೇಲೆ ಜೆಸಿಬಿಯವರು ಕೇಳದೆಯೇ ನೆಲ ಮಟ್ಟ ಮಾಡಲು ಹೊರಡುತ್ತಾರೆ. ಬೇಡ ಅನ್ನಿ. ಆ ಗುಂಡಿಗಳೇ ನಿಮಗೆ ಪುಕ್ಕಟೆ ಸಿಕ್ಕ ಇಂಗುಗುಂಡಿಗಳು. ನೀಲಗಿರಿ ಬೆಳೆದ ಮಣ್ಣು ಒಣಗಿದಾಗ ನೀರನ್ನು ಒಳಗೆ ಬಿಡುವುದಿಲ್ಲ. ಮೊದಲ ಮಳೆಯ ಹನಿ ಮಣ್ಣಿನ ಮೇಲೆ ಕೆಸುವಿನ ಎಲೆಯ ಮೇಲಿನ ನೀರಿನಂತೆ ಉರುಳಿ ಹೋಗುವುದನ್ನು ಬಗ್ಗಿ ನೋಡಿದರೆ ಕಾಣಬಹುದು. ಇಳಿಜಾರಿಗೆ ಅಡ್ಡವಾಗಿ ಅಲ್ಲಲ್ಲಿ ಸಣ್ಣ ಬದು ಹಾಕಿ, ಮೇಲ್ಮಣ್ಣನ್ನು ಗುದ್ದಲಿಯಿಂದ ಕೆದಕಿ.

2. ಒಂದು ಮಳೆಗಾಲ ಸುಮ್ನೆ ನೋಡಿ

ಇದನ್ನು ಯಾರೂ ಮಾಡುವುದಿಲ್ಲ. ಆದರೆ ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ. ದನ, ಮೇಕೆ ಬಾರದಂತೆ ಬೇಲಿ ಹಾಕಿ ಬಿಡಿ. ನೆಲದೊಳಗೆ ಹಳೇ ಬೇರುಗಳು ಇನ್ನೂ ಜೀವ ಹಿಡಿದಿರುತ್ತವೆ. ಬಿಕ್ಕೆ, ತೂಪ್ರ, ಕಾರೆ, ಮುತ್ತುಗದಂಥ ಕಾಡುಗಿಡಗಳು ತಾವಾಗಿ ಮೇಲೆ ಬರುತ್ತವೆ. ಚಿಗುರು ಕಂಡ ಕಡೆ ಒಂದು ಕೋಲು ನೆಟ್ಟು ಬಣ್ಣದ ಬಟ್ಟೆ ಕಟ್ಟಿ. ನಮ್ಮಲ್ಲಿ ಸಂಕ್ರಾಂತಿ ಹೊತ್ತಿಗೆ ಅರವತ್ತಕ್ಕೂ ಜಾಸ್ತಿ ಕೋಲು ನಿಂತಿದ್ದವು. ಅಷ್ಟು ಗಿಡಕ್ಕೆ ಗುಂಡಿ, ಸಸಿ, ನೀರು ಯಾವುದೂ ಬೇಕಾಗಲಿಲ್ಲ.

ಹಳದಿ ಹೂವಿನ ತಂಗಡಿ ಬಂದರೆ ಕೀಳಬೇಡಿ. ಮೇಕೆ ಅದರ ತಂಟೆಗೆ ಹೋಗುವುದಿಲ್ಲ. ಮುಂದೆ ಅದೇ ನಿಮ್ಮ ಸಸಿಗೆ ನೆರಳು. ಕೀಳಬೇಕಾದದ್ದು ಲಂಟಾನ ಮತ್ತು ಮತ್ತೆ ತಲೆಯೆತ್ತುವ ನೀಲಗಿರಿ ಕೂಳೆ.

3. ಬೀಜ

ಹತ್ತಾರು ಬೇರೆ ಬೇರೆ ಮರಗಳಿಂದ ಬೀಜ ತನ್ನಿ. ಒಂದೇ ದೊಡ್ಡ ಹೊಂಗೆ ಮರದ ಕೆಳಗೆ ಚೀಲ ತುಂಬಿಸಿಕೊಂಡರೆ ಎಲ್ಲವೂ ಒಂದೇ ತಾಯಿಯ ಮಕ್ಕಳು, ಒಂದೇ ಬರಕ್ಕೆ ಒಟ್ಟಿಗೆ ಸೋಲುತ್ತವೆ. ಮುಕ್ಕಾಲು ಪಾಲು ಸುತ್ತಲ ಊರಿನದಿರಲಿ, ಕಾಲು ಪಾಲು ನಮಗಿಂತ ಬಿಸಿಲು ಜಾಸ್ತಿ ಇರುವ ಪಾವಗಡದಂಥ ಕಡೆಯದಿರಲಿ. ಮುಂದಿನ ಇಪ್ಪತ್ತು ವರ್ಷದ ಬೇಸಿಗೆಯನ್ನು ಎದುರಿಸಬೇಕಾದ ಗಿಡಗಳು ಇವು.

ಬೇವಿನ ಬೀಜ ಎರಡು ಮೂರು ವಾರದಲ್ಲಿ ಸತ್ತುಹೋಗುತ್ತದೆ, ಜಾಲಾರಿಯದು ಅದಕ್ಕೂ ಬೇಗ. ಇವೆರಡನ್ನೂ ಬಿದ್ದ ಕೂಡಲೇ ಬಿತ್ತಿ. ಕಕ್ಕೆ ಬೀಜದ ಸಿಪ್ಪೆ ಗಟ್ಟಿ. ಒಂದು ಅಂಚನ್ನು ಕಲ್ಲಿಗೆ ಉಜ್ಜಿ ರಾತ್ರಿಯಿಡೀ ನೆನೆಸಿದರೆ ಉಬ್ಬಿ ಬರುತ್ತದೆ. ಆದರೆ ಎಲ್ಲವನ್ನೂ ಉಜ್ಜಬೇಡಿ, ಅರ್ಧ ಹಾಗೇ ಬಿತ್ತಿ. ಉಜ್ಜಿದವು ಈ ಮಳೆಗೆ ಮೊಳೆಯುತ್ತವೆ, ಉಳಿದವು ಮುಂದಿನ ವರ್ಷಕ್ಕೆ ಕಾಯುತ್ತವೆ. ಕರಿಜಾಲಿ ಬೀಜ ಬೇಕಾದರೆ ಕುರಿದೊಡ್ಡಿಗೆ ಹೋಗಿ. ಕುರಿಯ ಹೊಟ್ಟೆಯಿಂದ ಬಂದ ಬೀಜ ಮೊಳಕೆಗೆ ಸಿದ್ಧವಾಗಿರುತ್ತದೆ.

ಬೀಜದುಂಡೆ ಎಸೆದು ಬರುವುದನ್ನು ನಾನು ಒಪ್ಪುವುದಿಲ್ಲ. ಗಟ್ಟಿ ನೆಲದ ಮೇಲೆ ಬಿದ್ದ ಉಂಡೆಯ ಬೀಜ ಮೊಳೆತರೂ ಬೇರಿಗೆ ದಾರಿ ಸಿಗುವುದಿಲ್ಲ. ಅದೇ ಬೀಜವನ್ನು ಕೋಲಿನಿಂದ ಎರಡು ಬೆರಳು ಆಳ ತೂತು ಮಾಡಿ ಹಾಕಿ, ಕಾಲಲ್ಲಿ ಅದುಮಿ.

4. ನೆಡುವುದು: ಎಲ್ಲರೂ ಎಡವುವ ಜಾಗ

ಮೊದಲು ಯಾವಾಗ ಎಂಬುದು. ಜೂನ್ ಎಂಬುದು ಮಲೆನಾಡಿನ ಲೆಕ್ಕ. ನಮ್ಮ ಬಯಲುಸೀಮೆಯಲ್ಲಿ ಜೂನ್, ಜುಲೈ ಮಳೆ ತೆಳು, ಗಾಳಿ ಜೋರು. ಇಲ್ಲಿ ನೆಲ ತೋಯುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಆಗಸ್ಟ್ ಕೊನೆಯಿಂದ ನೆಡಿ. ಕ್ಯಾಲೆಂಡರ್ ನಂಬಬೇಡಿ, ಮಳೆ ನಕ್ಷತ್ರವನ್ನೂ ಈಗ ಪೂರ್ತಿ ನಂಬುವಂತಿಲ್ಲ. 2022ರಲ್ಲಿ ಕೆರೆಗಳು ಕೋಡಿ ಹರಿದವು. ಮರುವರ್ಷವೇ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾಯಿತು. ಹಾಗಾಗಿ ಮಣ್ಣನ್ನೇ ಕೇಳಿ. ಒಂದು ಮೊಳ ಆಳ ಅಗೆದು ತಳದ ಮಣ್ಣನ್ನು ಮುಷ್ಟಿಯಲ್ಲಿ ಹಿಂಡಿ. ಕೈ ಬಿಚ್ಚಿದಾಗ ರಾಗಿ ಮುದ್ದೆಯಂತೆ ನಿಂತರೆ ನೆಡಬಹುದು. ಪುಡಿಯಾದರೆ ಇನ್ನೊಂದು ಮಳೆ ಕಾಯಿರಿ. ಮತ್ತೆ, ಇರುವ ಸಸಿಯನ್ನೆಲ್ಲ ಒಂದೇ ವರ್ಷ ನೆಡಬೇಡಿ, ಮೂರು ವರ್ಷಕ್ಕೆ ಹಂಚಿ.

ಇನ್ನು ಸಸಿ. ನಮ್ಮ ಮೊದಲ ವರ್ಷದ ಸಸಿಗಳು ಒಂದು ನರ್ಸರಿಯಿಂದ ಬಂದಿದ್ದವು. ನಾಲ್ಕಡಿ ಎತ್ತರ, ಹಸಿರು ಹಸಿರು. ಸತ್ತ ಮೇಲೆ ಒಂದು ಹೊಂಗೆಯನ್ನು ಕಿತ್ತು ಬೇರು ತೊಳೆದು ನೋಡಿದೆ. ತಾಯಿಬೇರು ಚೀಲದ ತಳ ಮುಟ್ಟಿ, ತಿರುಗಿ, ಸಿಂಬೆ ಸುತ್ತಿದಂತೆ ಮೂರು ಸುತ್ತು ಸುತ್ತಿಕೊಂಡಿತ್ತು. ನೆಲಕ್ಕೆ ಬಂದು ವರ್ಷವಾದರೂ ಆ ಸುತ್ತು ಬಿಚ್ಚಿರಲಿಲ್ಲ. ಒಂದು ಬೇರೂ ಆಚೆ ಮಣ್ಣಿಗೆ ಹೋಗಿರಲಿಲ್ಲ. ಕೈಯಲ್ಲಿ ಹಿಡಿದಾಗ ಚೀಲದ ಆಕಾರವೇ ಕಂಡಿತು.

ಅದಕ್ಕೇ ಹೇಳುತ್ತೇನೆ, ಎತ್ತರದ ಸಸಿ ತರಬೇಡಿ. ಒಂದೂವರೆ ಗೇಣಿನದು ಸಾಕು. ಚೀಲ ಎತ್ತಿ ತಳದ ತೂತು ನೋಡಿ. ದಪ್ಪ ಬೇರು ಹೊರಗೆ ಬಂದಿದ್ದರೆ ಅಲ್ಲೇ ಬಿಟ್ಟು ಬನ್ನಿ. ನೆಡುವಾಗ ಹರಿತ ಬ್ಲೇಡಿನಿಂದ ಚೀಲದ ತಳವನ್ನು ಮಣ್ಣಿನ ಸಮೇತ ಒಂದು ಇಂಚು ಕತ್ತರಿಸಿ ತೆಗೆಯಿರಿ. ಆಮೇಲೆ ಚೀಲ ಸೀಳಿ, ಮಣ್ಣಿನ ಮುದ್ದೆಯ ಪಕ್ಕಕ್ಕೆ ಮೂರು ಕಡೆ ಮೇಲಿನಿಂದ ಕೆಳಕ್ಕೆ ಗೀಟು ಎಳೆಯಿರಿ. ಸುತ್ತಿದ ಬೇರು ಅಲ್ಲಲ್ಲಿ ಕಡಿಯಬೇಕು. ಹೆದರಬೇಡಿ, ಕಡಿದ ಜಾಗದಿಂದ ಹೊಸ ಬೇರು ಹೊರಮುಖವಾಗಿ ಹೊರಡುತ್ತದೆ. ಚೀಲವನ್ನು ಪೂರ್ತಿ ತೆಗೆದು ಮನೆಗೆ ತನ್ನಿ. ಚೀಲ ಬಿಚ್ಚದೆಯೇ ಹೂತಿಟ್ಟದ್ದನ್ನೂ ನೋಡಿದ್ದೇನೆ.

ಗುಂಡಿ ಉದ್ದ, ಅಗಲ, ಆಳ ಒಂದೂವರೆ ಅಡಿ ಇದ್ದರೆ ಆಯಿತು. ತಿರುಪಿನ ಯಂತ್ರದಿಂದ ತೋಡಿಸಿದರೆ ಕೆಮ್ಮಣ್ಣಿನಲ್ಲಿ ಗುಂಡಿಯ ಗೋಡೆ ಮಡಕೆಯ ಒಳಮೈಯಂತೆ ನುಣುಪಾಗುತ್ತದೆ. ಬೇರು ಅದನ್ನು ಕೊರೆಯಲಾರದೆ ಅಲ್ಲೇ ಸುತ್ತುತ್ತದೆ. ಸಮಯ ಉಳಿಸಲು ಯಂತ್ರ ಬಳಸಿದರೆ ಬಳಸಿ, ಆದರೆ ಗುದ್ದಲಿಯಿಂದ ಗೋಡೆಯನ್ನು ಕೆರೆದು ಒರಟು ಮಾಡಿ. ಅದೇ ಮಣ್ಣನ್ನು ವಾಪಸ್ ತುಂಬಿ. ಹಳೇ ಕೊಟ್ಟಿಗೆ ಗೊಬ್ಬರ ಎರಡು ಬೊಗಸೆ, ಅಷ್ಟೇ. ಗುಂಡಿಯೊಳಗೇ ಊಟ ಸಿಕ್ಕಿದರೆ ಬೇರು ಆಚೆ ಯಾಕೆ ಹೋಗುತ್ತದೆ, ಅಲ್ವಾ? ನೀರು ಹಿಡಿದಿಡುತ್ತದೆ ಎಂದು ಮಾರುವ ಜೆಲ್ ಪುಡಿಗೆ ದುಡ್ಡು ಹಾಕಬೇಡಿ. ಆ ದುಡ್ಡಿನಲ್ಲಿ ಇನ್ನೆರಡು ಬದು ಹಾಕಿಸಿ.

ಜಾಗ ಆರಿಸುವಾಗ ತಂಗಡಿ ಪೊದೆಯ ಪೂರ್ವ ದಿಕ್ಕಿಗೆ ನೆಡಿ. ಬೆಳಗಿನ ಎಳೆಬಿಸಿಲು ಸಿಗುತ್ತದೆ, ಮಧ್ಯಾಹ್ನದ ಮೇಲಿನ ಸುಡುಬಿಸಿಲಿಗೆ ಪೊದೆ ಅಡ್ಡ ನಿಲ್ಲುತ್ತದೆ. ಇಳಿಜಾರಿನ ಕೆಳಬದಿಗೆ ಅರ್ಧಚಂದ್ರದಂತೆ ಮಣ್ಣಿನ ಕಟ್ಟೆ ಕಟ್ಟಿ, ಮೇಲಿನಿಂದ ಹರಿದು ಬರುವ ನೀರು ಗಿಡದ ಬುಡದಲ್ಲಿ ನಿಲ್ಲಲಿ. ಸಾಲು ಹಿಡಿಯಬೇಡಿ. ಎಕರೆಗೆ ನೂರು, ನೂರೈವತ್ತು ಸಸಿ ಸಾಕು. ಒತ್ತಾಗಿ ನೆಡುವ ಮಿಯಾವಾಕಿ ವಿಧಾನಕ್ಕೆ ಮೊದಲ ವರ್ಷಗಳಲ್ಲಿ ಬಿಡದೆ ನೀರು ಕೊಡಬೇಕು, ಬೋರ್‌ವೆಲ್ ಬತ್ತಿದ ಊರಿಗೆ ಅದು ಹೊಂದುವುದಿಲ್ಲ.

5. ಹೊದಿಕೆ, ನೀರು, ಬೆಂಕಿ

ಬುಡಕ್ಕೆ ಹುಲ್ಲು ಹೊದಿಸಿದರೆ ಗೆದ್ದಲು ಬರುತ್ತದೆ. ನನಗೆ ಚಪ್ಪಟೆ ಕಲ್ಲೇ ಇಷ್ಟ. ಗಿಡದಿಂದ ನಾಲ್ಕು ಬೆರಳು ಬಿಟ್ಟು ಸುತ್ತ ಜೋಡಿಸಿ. ಮಾರ್ಚ್‌ನಲ್ಲಿ ಕಲ್ಲು ಎತ್ತಿ ಬೆರಳಿಟ್ಟು ನೋಡಿ, ಕೆಳಗೆ ತಂಪು ಉಳಿದಿರುತ್ತದೆ.

ದಿನಾ ಒಂದು ಚೊಂಬು ನೀರು ಹಾಕಿದರೆ ಬೇರು ಮೇಲೇ ಉಳಿಯುತ್ತದೆ. ಹದಿನೈದು ದಿನಕ್ಕೊಮ್ಮೆ ಎರಡು ಬಿಂದಿಗೆ ಒಟ್ಟಿಗೆ ಹಾಕಿ, ಅದೂ ಮೊದಲ ಬೇಸಿಗೆ ಮಾತ್ರ. ಜನವರಿಯಲ್ಲಿ ಜಮೀನಿನ ಸುತ್ತ ಹತ್ತಡಿ ಅಗಲ ಹುಲ್ಲು ಕೆತ್ತಿಸಿ, ಬೆಂಕಿ ಒಳಗೆ ಬಾರದಂತೆ.

6. ಒಣಗಿದ ಕಡ್ಡಿ ಕೀಳುವ ಮೊದಲು

ಯುಗಾದಿ ಹೊತ್ತಿಗೆ ಅರ್ಧಕ್ಕರ್ಧ ಒಣಗಿದಂತೆ ಕಾಣುತ್ತದೆ. ಇಲ್ಲೇ ಜನ ಕೈಬಿಡುವುದು. ಮುತ್ತುಗ, ಜಾಲಾರಿ, ತೂಪ್ರದಂಥ ಗಿಡಗಳು ಎಳೆಯವಿದ್ದಾಗ ಪ್ರತಿ ಬೇಸಿಗೆ ಮೇಲಿನ ಕಡ್ಡಿಯನ್ನು ಒಣಗಿಸಿಕೊಂಡು, ಕೆಳಗೆ ಬೇರು ದಪ್ಪ ಮಾಡಿಕೊಳ್ಳುತ್ತವೆ. ಕೆಲವು ಹೀಗೆ ನಾಲ್ಕೈದು ವರ್ಷ ಸತ್ತು ಹುಟ್ಟಿ, ಆಮೇಲೆ ಒಂದೇ ಸಲ ಎದ್ದು ನಿಲ್ಲುತ್ತವೆ. ಬುಡದ ಕಲ್ಲು ಸರಿಸಿ, ಮಣ್ಣಿಗೆ ತಾಗಿದ ಜಾಗದಲ್ಲಿ ಉಗುರಿನಿಂದ ತೊಗಟೆ ಕೆರೆಯಿರಿ. ಒಳಗೆ ಹಸಿರು ಕಂಡರೆ ಕಲ್ಲನ್ನು ಮತ್ತೆ ಅದೇ ಜಾಗದಲ್ಲಿಟ್ಟು, ಭರಣಿ ಮಳೆಯವರೆಗೆ ಅದರ ಪಾಡಿಗೆ ಬಿಡಿ.