ಫ್ಯಾಂಟಸಿ ಬೇಸ್‌ಬಾಲ್ ಲೀಗಿನಲ್ಲಿ ಒಪ್ಪಂದ, ಸಂಬಳದ ಲೆಕ್ಕ ಇಡುವ ಬಗೆ

ಫ್ಯಾಂಟಸಿ ಬೇಸ್‌ಬಾಲ್ ಎಂದರೆ ನಿಜವಾದ ಆಟಗಾರರನ್ನು ಲೆಕ್ಕದಲ್ಲಿ ಕೊಂಡು ತಂಡ ಕಟ್ಟಿ, ಮೈದಾನದಲ್ಲಿ ಅವರು ಗಳಿಸುವ ಅಂಕಿಅಂಶಗಳಿಂದ ಸ್ಪರ್ಧಿಸುವ ಆಟ. ನಮ್ಮದು 12 ತಂಡಗಳ ಕೀಪರ್ ಲೀಗ್, ಅಂದರೆ ಕೆಲವು ಆಟಗಾರರನ್ನು (ಕೀಪರ್‌ಗಳು) ಮುಂದಿನ ವರ್ಷಕ್ಕೂ ಉಳಿಸಿಕೊಳ್ಳಬಹುದು. ಹರಾಜಿಗೆ ತಂಡಕ್ಕೆ 260 ಡಾಲರ್. ಅಷ್ಟರಲ್ಲಿ 14 ಬ್ಯಾಟರ್, 9 ಪಿಚರ್ (ಚೆಂಡು ಎಸೆಯುವವರು) ಸೇರಿ 23 ಜನರನ್ನು ಕೊಳ್ಳಬೇಕು. 1980ರಲ್ಲಿ ಡೇನಿಯಲ್ ಓಕ್ರೆಂಟ್ ಮತ್ತು ಗೆಳೆಯರು ನ್ಯೂಯಾರ್ಕಿನಲ್ಲಿ ಆರಂಭಿಸಿದ ರಾಟಿಸರಿ ಎಂಬ ಫ್ಯಾಂಟಸಿ ಬೇಸ್‌ಬಾಲ್ ಆಟದಿಂದ ಬೆಳೆದು ಬಂದ ಅಳತೆ ಇದು. ಒಪ್ಪಂದದ ಮೂಲ ನಿಯಮವೂ ಅಲ್ಲಿಯದೇ.

2024ರಲ್ಲಿ 12 ಡಾಲರಿಗೆ ಕೊಂಡ ಆಟಗಾರನಿಗೆ 2024, 2025 ಎರಡೂ ವರ್ಷ ಅದೇ ಸಂಬಳ. 2026ರ ಹರಾಜಿಗೆ ಮುನ್ನ ಮೂರು ದಾರಿ. ಬಿಟ್ಟುಬಿಡಬಹುದು. ಅದೇ 12ಕ್ಕೆ ಇನ್ನೊಂದೇ ವರ್ಷ ಆಡಿಸಿ ಕಳಿಸಬಹುದು. ಇಲ್ಲವೇ ಒಪ್ಪಂದ ಬೆಳೆಸಬಹುದು, ಅದರಾಚೆಗಿನ ಒಂದೊಂದು ವರ್ಷಕ್ಕೆ 5 ಡಾಲರ್ ಏರಿಕೆ. 2027ರವರೆಗೆ ಬೇಕಾದರೆ 2026ರಿಂದಲೇ ಸಂಬಳ 17, 2028ರವರೆಗೆ ಆದರೆ ಮೂರೂ ವರ್ಷ 22. ಪಿಚರ್‌ಗಳಿಗೆ ನಾನು ಒಂದು ವರ್ಷಕ್ಕಿಂತ ಹೆಚ್ಚು ಬೆಳೆಸುವುದಿಲ್ಲ. ಮೊಣಕೈಗೆ ಟಾಮಿ ಜಾನ್ ಶಸ್ತ್ರಚಿಕಿತ್ಸೆ ಆಯಿತೆಂದರೆ 12ರಿಂದ 18 ತಿಂಗಳು ಹೋಯಿತು, ಸಂಬಳ ಮಾತ್ರ ನಿಲ್ಲುವುದಿಲ್ಲ.

ಈ ಲೆಕ್ಕ ಇಡುವ ಶೀಟಿನಲ್ಲಿ ‘ಉಳಿದ ವರ್ಷ’ ಎಂಬ ಕಾಲಂ ಇಡಲೇಬೇಡಿ. ಪ್ರತಿ ಚಳಿಗಾಲ ಎಲ್ಲ ಸಾಲುಗಳಲ್ಲೂ ಒಂದು ಕಳೆಯಬೇಕು. ಒಂದು ಸಾಲು ತಪ್ಪಿದರೂ ಒಬ್ಬನಿಗೆ ಪುಕ್ಕಟೆ ವರ್ಷ ಸಿಕ್ಕಂತೆ. ‘ಕೊಂಡ ವರ್ಷ’, ‘ಮುಗಿಯುವ ವರ್ಷ’ ಎಂದು ಇಸವಿಯನ್ನೇ ಬರೆದರೆ ತಿದ್ದುವ ಕೆಲಸವೇ ಇರದು. ಹೆಸರನ್ನೂ ನಂಬಬಾರದು. ವಿಲ್ ಸ್ಮಿತ್ ಎಂಬ ಕ್ಯಾಚರ್ ಇದ್ದಾನೆ, ಪಿಚರ್ ಕೂಡ ಇದ್ದ. ಮ್ಯಾಕ್ಸ್ ಮನ್ಸಿ ಇಬ್ಬರು, ಇಬ್ಬರೂ ಇನ್‌ಫೀಲ್ಡರ್‌ಗಳೇ. ಎಂಎಲ್‌ಬಿ (ಅಮೆರಿಕದ ಮುಖ್ಯ ಬೇಸ್‌ಬಾಲ್ ಲೀಗ್) ತಾಣದಲ್ಲಿ ಆಟಗಾರನ ಪುಟದ ವಿಳಾಸದ ಕೊನೆಗೊಂದು ಸಂಖ್ಯೆ ಇರುತ್ತದೆ (ಒಹ್ತಾನಿಯದು 660271). ಅದನ್ನೇ ಮೊದಲ ಕಾಲಂನಲ್ಲಿ ಹಾಕುತ್ತೇನೆ.

ಟ್ರೇಡ್ (ತಂಡಗಳ ನಡುವೆ ಆಟಗಾರರ ಅದಲುಬದಲು) ಆದರೆ ಸಂಬಳ, ಇಸವಿ ಎರಡೂ ಆಟಗಾರನ ಜೊತೆಗೇ ಹೋಗಬೇಕು. ಜಗಳ ಹುಟ್ಟುವುದು ಸೀಸನ್ ನಡುವೆ ಬಿಟ್ಟು ಮತ್ತೆ ಎತ್ತಿಕೊಂಡಾಗ: ದುಬಾರಿ ಆಟಗಾರನನ್ನು ಬಿಟ್ಟು, ಮರುವಾರ 1 ಡಾಲರಿಗೆ ಹೊಸ ಒಪ್ಪಂದ ಬರೆಸಿಕೊಳ್ಳುವ ದಾರಿ ಅದು. ಹಾಗಾಗಿ ಸೀಸನ್ ನಡುವೆ ಎತ್ತಿಕೊಂಡ ಯಾರಿಗೇ ಆಗಲಿ ಸಂಬಳ 10 ಎಂದು ಕಟ್ಟಿಹಾಕಿದ್ದೇವೆ. ಆದರೆ ಬಿಟ್ಟ ತಂಡವೇ ಮತ್ತೆ ಎತ್ತಿಕೊಂಡರೆ ಹಳೆಯ ಸಂಬಳ, ಹಳೆಯ ಇಸವಿಯೇ. ಬೆಳೆಸಿದ ಒಪ್ಪಂದ ಮುರಿದರೆ ಉಳಿದ ವರ್ಷಗಳಲ್ಲಿ ಅರ್ಧ ಸಂಬಳ ಆಯಾ ವರ್ಷದ 260ರಿಂದ ಕಡಿತ.

ಇನ್ನು ಹರಾಜಿನ ಬೆಲೆ. 2025ರ ಐಪಿಎಲ್‌ಗೆ ಆರ್‌ಸಿಬಿ ಮೂವರನ್ನು 37 ಕೋಟಿಗೆ ಉಳಿಸಿಕೊಂಡು, 120ರಲ್ಲಿ ಮಿಕ್ಕ 83 ಕೋಟಿಯೊಂದಿಗೆ ಹರಾಜಿಗೆ ಕೂತಿತಲ್ಲ, ಇಲ್ಲೂ ಕಳೆಯುವ ಲೆಕ್ಕ ಅದೇ. ಆದರೆ ಇಲ್ಲಿ ಉಳಿಸಿಕೊಂಡವರು ಸಾಮಾನ್ಯವಾಗಿ ತಮ್ಮ ಬೆಲೆಗಿಂತ ಅಗ್ಗ. ಲೀಗಿನ ಒಟ್ಟು ಹಣ 3120, ಕೊಳ್ಳಬೇಕಾದ ಎಲ್ಲ ಆಟಗಾರರ ಬೆಲೆಯ ಮೊತ್ತವೂ ಅಷ್ಟೇ ಎಂದು ಹಿಡಿಯುತ್ತೇವೆ. ಕೀಪರ್‌ಗಳ ಸಂಬಳ ಒಟ್ಟು 900, ನಿಜವಾದ ಬೆಲೆ 1320 ಎಂದಿಟ್ಟುಕೊಳ್ಳಿ. ಉಳಿದ ಹಣ 2220, ಉಳಿದ ಸರಕಿನ ಬೆಲೆ 1800. ಭಾಗಿಸಿದರೆ 1.23. ಅಂದರೆ ಬೆಲೆಪಟ್ಟಿಯಲ್ಲಿ 30 ಡಾಲರ್ ಇರುವವನು 37ಕ್ಕೆ ಹೋದರೂ ದುಬಾರಿಯಲ್ಲ. ಹರಾಜಿನಲ್ಲಿ ಈ ಏರಿಕೆ ಸಮನಾಗಿ ಹಂಚಿಕೆಯಾಗುವುದಿಲ್ಲ. 1 ಡಾಲರಿನವರು 1 ಡಾಲರಿಗೇ ಹೋಗುತ್ತಾರೆ, ಮಿಕ್ಕ ಹಣವೆಲ್ಲ ಮೇಲಿನವರ ಮೇಲೆ ಬೀಳುತ್ತದೆ. ಈ ಲೆಕ್ಕ ಎಲ್ಲರಿಗೂ ಮಾಡಲು ಸಾಧ್ಯವಾಗಲೆಂದೇ ಕೀಪರ್ ಪಟ್ಟಿಯ ಗಡುವನ್ನು ಹರಾಜಿಗೆ ಒಂದು ವಾರ ಮೊದಲೇ ಇಡುತ್ತೇವೆ.