ವ್ಯಾಸಪೀಠದ ಮೇಲೆ ಮಾರಿಯೋ ಪಾರ್ಟಿ: ನನ್ನ ಅನುಭವ

ನಿಂಟೆಂಡೊ ಕಂಪನಿಯ ಸ್ವಿಚ್ ಎಂಬ ಆಟದ ಯಂತ್ರ, ಅದರ 6.2 ಇಂಚಿನ ಪರದೆ. ನಾಲ್ಕು ಜಾಯ್-ಕಾನ್, ಅಂದರೆ ಅದರಿಂದ ಬಿಚ್ಚಿ ಕೈಯಲ್ಲಿ ಹಿಡಿಯುವ ಪುಟ್ಟ ಕಂಟ್ರೋಲರ್‌ಗಳು. ಮಾಳಿಗೆ ಮೇಲೆ ಹತ್ತು ಮಂದಿ. ಟಿವಿ ಇಲ್ಲ.

ಇಷ್ಟರಲ್ಲಿ ಮಾರಿಯೋ ಪಾರ್ಟಿ ಆಡುವುದು ಆಗುವ ಮಾತಲ್ಲ ಅಂದವರು ಬಹಳ ಮಂದಿ. ಅವರಲ್ಲಿ ಮೊದಲಿಗ ಹುಬ್ಬಳ್ಳಿಯ ಗೋಕುಲ ರೋಡಿನ ನನ್ನ ಗೆಳೆಯ. ಅವನ ಮನೆಯಲ್ಲಿ ಗೋಡೆ ತುಂಬ ಟಿವಿ, ಪಿಎಸ್5 ಆಟದ ಯಂತ್ರ ಎಲ್ಲ ಇದೆ. "ಲೇ, ಆ ಹಲಗಿಯೊಳಗ ನಾಕು ಮಂದಿಗೆ ಏನ್ ಕಾಣತೈತಿ? ತಲಿಗೆ ತಲಿ ಬಡೀತೈತಿ, ಅಷ್ಟ" ಅಂದಿದ್ದ. ಹೋದ ಬೇಸಿಗೆಯಲ್ಲಿ ಅದೇ ಗೆಳೆಯ ಚಿಗರಿ ಬಸ್ ಹಿಡಿದು ಧಾರವಾಡಕ್ಕೆ ಬಂದ. ಮಾಳಮಡ್ಡಿಯ ನಮ್ಮ ಮನೆಯ ಮಾಳಿಗೆ ಮೇಲೆ ಕೂತು ಆಡಿ ಆಡಿ ಕೊನೆಯ ಬಸ್ ತಪ್ಪಿಸಿಕೊಂಡ. ರಾತ್ರಿ ನಮ್ಮಲ್ಲೇ ಮಲಗಿದ. ಅದಕ್ಕೇ ಧೈರ್ಯ ಮಾಡಿ ಬರೆಯುತ್ತಿದ್ದೇನೆ.

ಮಾರಿಯೋ ಪಾರ್ಟಿ ಅಂದರೆ ದಾಳ ಹಾಕಿ ಮನೆ ಮನೆ ದಾಟುತ್ತಾ, ನಡುನಡುವೆ ಮಿನಿಗೇಮ್ ಎಂಬ ಸಣ್ಣ ಪಂದ್ಯಗಳನ್ನು ಆಡಿ, ನಾಣ್ಯ ಮತ್ತು ಸ್ಟಾರ್ ಗಳಿಸುವ ನಾಲ್ವರ ವಿಡಿಯೋ ಆಟ. ಅದನ್ನು ಟಿವಿಗೆ ಯಾಕೆ ಹಾಕಲಿಲ್ಲ ಅನ್ನುವುದನ್ನೂ ಹೇಳುತ್ತೇನೆ. ನಮ್ಮ ಮನೆಯಲ್ಲಿ ಸಂಜೆ ಆರರಿಂದ ಹತ್ತರವರೆಗೆ ಟಿವಿ ಅವ್ವ ಮತ್ತು ಮೌಶಿಯದು. ಧಾರಾವಾಹಿ ನಿಲ್ಲಿಸಿ ಮಾರಿಯೋ ಹಾಕುವ ಗುಂಡಿಗೆ ನನಗಿಲ್ಲ. ಬೇಸಿಗೆಯಲ್ಲಿ ಕರೆಂಟಿನದೂ ಭರವಸೆ ಇಲ್ಲ. ಮಾಳಿಗೆ ಮೇಲಾದರೆ ಗಾಳಿಯಾದರೂ ಇದೆ.

ಮೊದಲು ದುಡ್ಡು ಕಳೆದುಕೊಂಡ ಕಥೆ. 2020ರ ಕೊನೆಗೆ ಸೆಕೆಂಡ್ ಹ್ಯಾಂಡ್ ಸ್ವಿಚ್ ಲೈಟ್, ಅಂದರೆ ಸ್ವಿಚ್‌ನ ಸಣ್ಣ ಮಾದರಿ, ಕೊಂಡೆ. ಹದಿನಾಲ್ಕು ಸಾವಿರ ಕೊಟ್ಟ ನೆನಪು. ಜೊತೆಗೆ ಸೂಪರ್ ಮಾರಿಯೋ ಪಾರ್ಟಿ, 2018ರದ್ದು, ಮೂರೂವರೆ ಸಾವಿರದ ಮೇಲೆ ಚಿಲ್ಲರೆ. ಮನೆಗೆ ತಂದು ಕಾರ್ಟ್ರಿಜ್ ಹಾಕಿದರೆ ಆಡಲಿಕ್ಕೇ ಬರಲಿಲ್ಲ. ಆ ಆಟಕ್ಕೆ ಬಿಡಿ ಜಾಯ್-ಕಾನ್ ಬೇಕೇ ಬೇಕು. ಲೈಟ್‌ನಲ್ಲಿ ಬಟನ್‌ಗಳು ಮೈಗೇ ಅಂಟಿಕೊಂಡಿರುತ್ತವೆ. ಯಾವ ಮೋಡ್‌ನಲ್ಲಿ ಆಡಬಹುದು ಅಂತ ಡಬ್ಬಿಯ ಹಿಂದೆ ಸಣ್ಣ ಚಿತ್ರಗಳಿರುತ್ತವಲ್ಲ, ಅವನ್ನು ನೋಡದೆ ದುಡ್ಡು ಎಣಿಸಿ ಕೊಟ್ಟವನು ನಾನೇ. ಬೇರೆಯವರನ್ನು ಬೈಯುವ ಹಾಗೂ ಇಲ್ಲ. ಎರಡನ್ನೂ ಮಾರಿದಾಗ ನಾಲ್ಕು ಸಾವಿರ ಹೋಯಿತು.

ಆಮೇಲೆ ದೊಡ್ಡ ಸ್ವಿಚ್, ಬ್ಯಾಟರಿ ಜಾಸ್ತಿ ಬರುವ ಎರಡನೇ ಮಾದರಿ. ನಾನು ಕೊಳ್ಳುವಾಗ ನಿಂಟೆಂಡೊ ನಮ್ಮ ದೇಶದಲ್ಲಿ ಸ್ವಿಚ್ಚನ್ನು ತಾನಾಗಿ ಮಾರುತ್ತಿರಲಿಲ್ಲ. ಹೊರಗಿಂದ ತರಿಸಿದ ಮಾಲು, ವಾರಂಟಿ ಅನ್ನುವ ಮಾತೇ ಇಲ್ಲ. ಇಪ್ಪತ್ತಾರು ಸಾವಿರದ ಆಸುಪಾಸು ಆಯಿತು. ಆಟ ಮಾರಿಯೋ ಪಾರ್ಟಿ ಸೂಪರ್‌ಸ್ಟಾರ್ಸ್, 2021ರ ಅಕ್ಟೋಬರ್‌ನಲ್ಲಿ ಬಂದದ್ದು, ನಾಲ್ಕು ಸಾವಿರ. ಇದೇ ಆಟ ಯಾಕೆ ಅಂದರೆ, ಇದರಲ್ಲಿ ಕೈ ಬೀಸಿ ಆಡುವ ಉಸಾಬರಿ ಇಲ್ಲ. ಎಲ್ಲ ಬಟನ್ ಮತ್ತು ಹೆಬ್ಬೆರಳಿನಿಂದ ತಿರುಗಿಸುವ ಸ್ಟಿಕ್. ಹತ್ತು ಮಂದಿ ಒತ್ತೊತ್ತಾಗಿ ಕೂತಲ್ಲಿ ಕೈ ಬೀಸಿದರೆ ಯಾರದೋ ಹಲ್ಲು ಉದುರುತ್ತೆ.

ನಾಲ್ವರಿಗೆ ನಾಲ್ಕು ಜಾಯ್-ಕಾನ್ ಬೇಕು. ಜೊತೆಗೆ ಬಂದದ್ದು ಎರಡು. ಇನ್ನೊಂದು ಜೋಡಿಗೆ ಆರು ಸಾವಿರ ಕೇಳಿದರು. ನಾನು ಶಾಣ್ಯಾ ಅಲ್ವಾ, ಎರಡು ಸಾವಿರಕ್ಕೆ ನಕಲಿ ಜೋಡಿ ತಂದೆ. ಬಟನ್ ಒತ್ತಿ ಕಣ್ಣು ಮಿಟುಕಿಸಿದ ಮೇಲೆ ಮಾರಿಯೋ ಜಿಗಿಯುತ್ತಿದ್ದ. ಬೆಂಕಿ ಹಗ್ಗ ಜಿಗಿಯುವ ಆಟದಲ್ಲಿ ಆ ಜೋಡಿ ಹಿಡಿದವರು ಪ್ರತಿ ಸಲ ಮೊದಲಿಗೇ ಸುಟ್ಟುಕೊಳ್ಳುತ್ತಿದ್ದರು. ಒಂದು ತಿಂಗಳಲ್ಲಿ ಅದನ್ನು ಕಪಾಟಿಗೆ ಒಗೆದು ಅಸಲಿ ಜೋಡಿಯನ್ನೇ ಕೊಂಡೆ. ಅಲ್ಲಿಗೆ ಆರಕ್ಕೆ ಎರಡು ಸೇರಿ ಎಂಟಾಯಿತು.

ಈಗ ಮುಖ್ಯ ವಿಷಯ, ಸ್ಟ್ಯಾಂಡ್. ಹಳೆಯ ಸ್ವಿಚ್‌ನ ಹಿಂದೆ ಒಂದು ಮೂಲೆಯಲ್ಲಿ ಕಿರುಬೆರಳಿನಂಥ ಕಾಲು ಇದೆ. ಅದನ್ನು ನಂಬಿದವರು ಕೆಟ್ಟರು. ಒಂದೇ ಕೋನ. ಗಾಳಿ ಬಂದರೆ ಮಕಾಡೆ. ಮಗು ಓಡಾಡಿದರೂ ಮಕಾಡೆ. ಇನ್ನೊಂದು ತಲೆನೋವು ಎಂದರೆ ಚಾರ್ಜಿಂಗ್ ಪೋರ್ಟ್ ಕೆಳಗಿದೆ. ನೆಲದ ಮೇಲೆ ನಿಲ್ಲಿಸಿದರೆ ಕೇಬಲ್ ಚುಚ್ಚಲಿಕ್ಕೆ ಬರಲ್ಲ. ಅಂದರೆ ಆಡುವಾಗ ಚಾರ್ಜ್ ಇಲ್ಲ, ಚಾರ್ಜ್ ಮಾಡುವಾಗ ಆಟ ಇಲ್ಲ. ಇಟ್ಟಂಗಿ ನಿಲ್ಲಿಸಿ ನೋಡಿದೆ. ಅಕ್ಕಿ ತುಂಬಿದ ಚೀಲಕ್ಕೆ ಆನಿಸಿ ನೋಡಿದೆ. ಮೊಬೈಲ್ ಸ್ಟ್ಯಾಂಡ್ ಭಾರಕ್ಕೆ ಬಾಗಿತು.

ಒಂದು ದಿನ ದೇವರ ಕೋಣೆಯಲ್ಲಿ ಅಜ್ಜನ ವ್ಯಾಸಪೀಠ ಕಂಡಿತು. ಬಿಡಿಸಿದರೆ ಕತ್ತರಿಯಂತೆ ನಿಲ್ಲುವ ಹಲಗೆ. ಸ್ವಿಚ್ ಇಟ್ಟು ನೋಡಿದೆ. ಅದಕ್ಕೇ ಅಳತೆ ತಗೊಂಡು ಮಾಡಿದ ಹಾಗೆ ಕೂತಿತು. ಅಷ್ಟರಲ್ಲಿ ಅಜ್ಜಿ ಬಂದಳು. "ಇದೇನೋ ತಮ್ಮಾ, ನಿಮ್ಮ ಅಜ್ಜ ಅದರ ಮ್ಯಾಲ ಭಾರತ ಓದತಿದ್ರು. ಆಟದ ಡಬ್ಬಿ ಇಡ್ತೀ ಏನು? ತೆಗಿ ಮೊದಲ!" ತೆಗೆದೆ.

ಓಣಿಯ ಬಡಿಗೇರರ ಹತ್ತಿರ ಹೋಗಿ, ಬಾಗಿಲು ಮಾಡಿ ಉಳಿದ ತೇಗದ ತುಂಡಿನಲ್ಲಿ ಅದೇ ಥರದ್ದು ಇನ್ನೊಂದು ಮಾಡಿಸಿದೆ. ಇನ್ನೂರೈವತ್ತು ರೂಪಾಯಿ, ಚಹಾ ಬೇರೆ. ಆದರೆ ಮೂರು ಬದಲಾವಣೆ ಮಾಡಿಸಿದೆ. ಮುಂದಿನ ರೆಕ್ಕೆ ಎರಡು ಬೆರಳಷ್ಟೇ ಎತ್ತರ, ಇಲ್ಲವಾದರೆ ಪರದೆಯ ಕೆಳಭಾಗ ಮುಚ್ಚುತ್ತೆ. ಎರಡು ಹಲಗೆ ಕೂಡುವ ಸಂದಿನಲ್ಲಿ ಹೆಬ್ಬೆರಳು ತೂರುವಷ್ಟು ಕಿಂಡಿ. ಅದರೊಳಗಿಂದ ಎಲ್ ಆಕಾರದ ಕೇಬಲ್ ಬಂದು ಪೋರ್ಟಿಗೆ ಸೇರುತ್ತೆ, ಕೆಳಗೆ ಪವರ್ ಬ್ಯಾಂಕ್ ಕೂರುತ್ತೆ. ಮೂರನೆಯದು ಪೆಟ್ಟು ತಿಂದ ಮೇಲೆ ಕಲಿತದ್ದು. ಸ್ವಿಚ್ ಗಾಳಿ ಎಳೆದುಕೊಳ್ಳುವುದು ಬೆನ್ನಿನಿಂದ. ಹಲಗೆಗೆ ಬೆನ್ನು ಆನಿಸಿದರೆ ಉಸಿರು ಕಟ್ಟಿದ ಹಾಗೆ. ಏಪ್ರಿಲ್ ತಿಂಗಳ ಒಂದು ರಾತ್ರಿ ಫ್ಯಾನ್ ಕೂಗಲಿಕ್ಕೆ ಶುರು ಮಾಡಿತು, ಮುಟ್ಟಿದರೆ ಹಂಚಿನಂತೆ ಬಿಸಿ. ಹಳೇ ಹವಾಯಿ ಚಪ್ಪಲಿ ಕತ್ತರಿಸಿ ಎರಡು ರಬ್ಬರ್ ತುಂಡು ಹಲಗೆಗೆ ಅಂಟಿಸಿದೆ. ಬೆನ್ನಿಗೂ ಹಲಗೆಗೂ ನಡುವೆ ಬೆರಳಷ್ಟು ಜಾಗ ಆಯಿತು, ಜಾರುವುದೂ ನಿಂತಿತು. 2025ರಲ್ಲಿ ಸ್ವಿಚ್ 2 ಬಂದಾಗ ನೋಡಿದರೆ ಮೇಲೆ ಒಂದು ಪೋರ್ಟ್, ಹಿಂದೆ ಅಗಲವಾದ ಸ್ಟ್ಯಾಂಡ್. ನಮ್ಮ ಬಡಿಗೇರರು ನಿಂಟೆಂಡೊದವರಿಗಿಂತ ಮುಂಚೆ ಮಾಡಿದ್ದರು ಅಂತ ನಾನು ಎಲ್ಲರಿಗೂ ಹೇಳುತ್ತಿರುತ್ತೇನೆ.

ಈ ವ್ಯಾಸಪೀಠವನ್ನು ಎರಡು ಮಣೆಗಳ ಮೇಲೆ ಇಡಬೇಕು. ಒಂದು ಮಣೆ ಆದರೆ ಕುತ್ತಿಗೆ ನೋವು, ಮೂರಾದರೆ ಹಿಂದಿನವರಿಗೆ ಕಾಣಲ್ಲ. ಆಡುವ ನಾಲ್ವರು ಎರಡು ಅಡಿ ದೂರದಲ್ಲಿ ಅರ್ಧ ಚಂದ್ರನ ಹಾಗೆ ಕೂರಬೇಕು. ದೊಡ್ಡವರು ನಡುವೆ, ಚಾಳೀಸು ಕಡ್ಡಾಯ. ಹುಡುಗರು ಎರಡೂ ಕಡೆ. ಓರೆಯಿಂದ ನೋಡಿದರೂ ಈ ಪರದೆ ಕಪ್ಪಾಗಲ್ಲ. ನೋಡುವವರು ಹಿಂದೆ ಮಂಡಿಯೂರಿ.

ನಡುವೆ ಒಂದು ಹುಚ್ಚು ಪ್ರಯೋಗ. ಮೊಬೈಲ್ ಪರದೆ ದೊಡ್ಡದಾಗಿ ಕಾಣಿಸುವ ಪ್ಲಾಸ್ಟಿಕ್ ಗಾಜು ಸಿಗುತ್ತಲ್ಲ, ಇನ್ನೂರು ರೂಪಾಯಿಯದ್ದು, ಅದನ್ನು ದುರ್ಗದಬೈಲಿನಿಂದ ತಂದು ಮುಂದೆ ನಿಲ್ಲಿಸಿದೆ. ನಟ್ಟನಡುವೆ ಕೂತ ಕಾಕಾನಿಗೆ ಮಸ್ತ್ ಕಂಡಿತು. ಅಕ್ಕಪಕ್ಕದವರಿಗೆ ಮಾರಿಯೋನ ತಮ್ಮ ಲುಯಿಗಿ ಸೊಟ್ಟ ಮೂತಿ ಮಾಡಿಕೊಂಡು ಕಂಡ. ಕಾಕಾ ಆ ದಿನ ಗೆದ್ದ. ಮರುದಿನ ಗಾಜು ಕಾಣೆಯಾಗಿತ್ತು. ಯಾರು ತೆಗೆದರು ಅಂತ ನನಗೆ ಗೊತ್ತು, ಹೇಳಲ್ಲ.

ಸದ್ದಿನ ಪಾಡು ಬೇರೆ. ಮಾಳಿಗೆ ಮೇಲೆ ಸ್ವಿಚ್‌ನ ಸ್ಪೀಕರ್ ಯಾರ ಕಿವಿಗೂ ಬೀಳಲ್ಲ. ಬ್ಲೂಟೂತ್ ಸ್ಪೀಕರ್ ಸೇರಿಸಿದೆ. ತಕ್ಷಣ ಎರಡು ಜಾಯ್-ಕಾನ್ ಸತ್ತವು. ಒಂದು ಗಂಟೆ ಬಡಿದಾಡಿದೆ, ಬ್ಯಾಟರಿ ಅಂದುಕೊಂಡೆ, ರಿಪೇರಿ ಅಂದುಕೊಂಡೆ. ಕಾರಣ ಇಷ್ಟೇ: ಬ್ಲೂಟೂತ್ ಆಡಿಯೋ ಹಾಕಿದರೆ ಸ್ವಿಚ್ ಎರಡೇ ವೈರ್‌ಲೆಸ್ ಕಂಟ್ರೋಲರ್‌ಗೆ ಒಪ್ಪುತ್ತೆ. ಮೇಲುಗಡೆ 3.5 ಎಂಎಂ ಜಾಕ್ ಇದೆ, ಅರವತ್ತು ರೂಪಾಯಿಯ ಆಕ್ಸ್ ಕೇಬಲ್ ಸಾಕು.

ಡಾಕ್ (ಸ್ವಿಚ್ಚನ್ನು ಟಿವಿಗೆ ಜೋಡಿಸುವ ಪೀಠ) ಹಾಕಿ ಟಿವಿಗೆ ಕೊಡುವುದನ್ನೂ ಒಮ್ಮೆ ಮಾಡಿದೆ, ಅವ್ವ ಊರಿಗೆ ಹೋದಾಗ. ಮೊಬೈಲ್ ಚಾರ್ಜರ್ ಚುಚ್ಚಿದ್ದೆ, ಚಿತ್ರವೇ ಬರಲಿಲ್ಲ. ಡಾಕ್‌ಗೆ 15 ವೋಲ್ಟ್ ಕೊಡುವ ಚಾರ್ಜರೇ ಬೇಕು. ವ್ಯಾಸಪೀಠದ ಮೇಲೆ ಆ ರಗಳೆ ಇಲ್ಲ, ಸಾದಾ ಪವರ್ ಬ್ಯಾಂಕ್ ನಿಧಾನವಾಗಿ ಆದರೂ ತುಂಬುತ್ತೆ. 20,000 ಎಂಎಎಚ್‌ನದ್ದು ಒಂದಿದ್ದರೆ ಊಟದಿಂದ ಮಧ್ಯರಾತ್ರಿವರೆಗೆ ಚಿಂತೆ ಇಲ್ಲ.

ಇನ್ನು ಡ್ರಿಫ್ಟ್, ಅಂದರೆ ಮುಟ್ಟದಿದ್ದರೂ ಸ್ಟಿಕ್ ತಾನಾಗೇ ಒಂದು ಕಡೆ ಎಳೆಯುವ ರೋಗ. ಇದರ ಬಗ್ಗೆ ಗೋಳಾಡದವರು ಯಾರಿದ್ದಾರೆ? ಅಜ್ಜಿ ಆಡಿಸುವ ರಾಜಕುಮಾರಿ ಪೀಚ್ ತಾನಾಗೇ ಎಡಕ್ಕೆ ನಡೆದು ಗುಂಡಿಗೆ ಬೀಳುತ್ತಿದ್ದಳು. "ನಾ ಏನೂ ಮಾಡಿಲ್ಲೋ" ಅಂತ ಅಜ್ಜಿ ಆಣೆ ಹಾಕಿದರೂ ಯಾರೂ ನಂಬಲಿಲ್ಲ. ಮೊದಲು ಕಾಂಟ್ಯಾಕ್ಟ್ ಕ್ಲೀನರ್ ಹೊಡೆದೆ, ಹತ್ತು ದಿನ ಬಂತು. ಆಮೇಲೆ ಸ್ಟಿಕ್ ಬದಲಿಸಲು ಹೋದೆ. ಹಿಂದಿನ ನಾಲ್ಕು ಸ್ಕ್ರೂಗಳಿಗೆ ಮೂರು ರೆಕ್ಕೆಯ ಸ್ಕ್ರೂಡ್ರೈವರ್ ಬೇಕು, ಅದಿಲ್ಲದೆ ಸಾದಾದ್ದರಿಂದ ತಿರುವಿ ಒಂದರ ತಲೆ ಸವೆಸಿದೆ. ತೆಗೆಯುವ ಅವಸರದಲ್ಲಿ ಒಳಗಿನ ರಿಬ್ಬನ್ ಕೇಬಲ್ ಒಂದನ್ನು ಕಿತ್ತೆ. ರಿಬ್ಬನ್, ಸ್ಟಿಕ್, ಸ್ಕ್ರೂಡ್ರೈವರ್ ಎಲ್ಲ ಸೇರಿ ಒಂಬೈನೂರು ರೂಪಾಯಿ ಹೋಯಿತು.

ಈಗ ಸ್ಟಿಕ್ ಬದಲಿಸುವುದೇ ಇಲ್ಲ. ಸ್ಟಿಕ್‌ನ ಲೋಹದ ಡಬ್ಬಿ ಸಡಿಲಾಗಿ ಒಳಗಿನ ಸಂಪರ್ಕ ತಪ್ಪುತ್ತೆ. ಆ ಡಬ್ಬಿಯ ಮೇಲೆ ರಟ್ಟಿನ ಸಣ್ಣ ತುಂಡು ಇಟ್ಟು ಮುಚ್ಚಳ ಬಿಗಿದರೆ ಒತ್ತಡ ಬಿದ್ದು ಸರಿಯಾಗುತ್ತೆ. ಇಷ್ಟನ್ನು ಬೇರೆಯವರೂ ಮಾಡಿದ್ದಾರೆ. ಆದರೆ ಯಾವ ರಟ್ಟು ಅನ್ನುವುದರಲ್ಲಿ ಇದೆ ಗಮ್ಮತ್ತು. ನಾನು ಲಗ್ನಪತ್ರಿಕೆ ಬಳಸುತ್ತೇನೆ. ಹತ್ತಾರು ಪತ್ರಿಕೆ ಕತ್ತರಿಸಿ ನೋಡಿದ ಮೇಲೆ ಒಂದು ಹತ್ತಿತು. ಯಾವ ಥರದ್ದು, ಎಷ್ಟು ಪದರ ಅನ್ನುವುದು ನನ್ನ ಹತ್ತಿರವೇ ಇರಲಿ. ನನ್ನ ಎಡಗಡೆಯ ಜಾಯ್-ಕಾನ್ ಎಂಟು ತಿಂಗಳಿಂದ ಮಾವನ ಮಗಳ ಮದುವೆಯ ಮೇಲೆ ನಡೆಯುತ್ತಿದೆ.

ಸ್ಟಿಕ್ ಗರಗರ ತಿರುಗಿಸುವ ಹಗ್ಗಜಗ್ಗಾಟದ ಮಿನಿಗೇಮ್ ಬಂದರೆ ಹುಷಾರು. ಅಂಗೈಯಿಂದ ತಿರುಗಿಸಬೇಡಿ ಅಂತ ಆಟವೇ ಹೇಳುತ್ತೆ. 1998ರ ಮೊದಲ ಮಾರಿಯೋ ಪಾರ್ಟಿಯಲ್ಲಿ ಇದರಿಂದಲೇ ಮಕ್ಕಳ ಅಂಗೈ ಸುಲಿದು, ನಿಂಟೆಂಡೊ ಕೈಗವಸು ಕೊಡಬೇಕಾಗಿ ಬಂದಿತ್ತು. ನಮ್ಮ ತಮ್ಮ ಕೇಳಲಿಲ್ಲ. ಬೊಬ್ಬೆ ಬಂತು, ಸ್ಟಿಕ್ಕಿನ ರಬ್ಬರೂ ಹೋಯಿತು.

ಹತ್ತು ಮಂದಿಗೆ ನಾಲ್ಕು ಜಾಯ್-ಕಾನ್ ಹೇಗೆ ಸಾಕಾಯಿತು? ಜೋಡಿ ಮಾಡಿದೆ. ಒಬ್ಬರು ದಾಳ ಹಾಕಿ ದಾರಿ ಆರಿಸುವವರು, ಇನ್ನೊಬ್ಬರು ಮಿನಿಗೇಮ್ ಆಡುವವರು. ಎಂಟು ಮಂದಿ ಆದರು. ಉಳಿದ ಇಬ್ಬರು ಮುಂದಿನ ಆಟದ ಸರದಿಗೆ, ಅಲ್ಲಿಯವರೆಗೆ ಚಹಾ ಮತ್ತು ಪವರ್ ಬ್ಯಾಂಕ್ ಅವರ ಪಾಲು. ಹತ್ತು ಸುತ್ತಿನ ಆಟ ಮಾತ್ರ, ಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತೆ. ಇಪ್ಪತ್ತು ಸುತ್ತು ಇಟ್ಟ ದಿನ ಇಬ್ಬರು ಕೂತಲ್ಲೇ ನಿದ್ದೆ ಹೋದರು. ಇಂಗ್ಲಿಷ್ ಸೂಚನೆಯನ್ನು ಅಣ್ಣನ ಮಗಳು ಗಟ್ಟಿಯಾಗಿ ಕನ್ನಡದಲ್ಲಿ ಹೇಳುತ್ತಾಳೆ. ಆಟಗಳಿಗೆ ನಮ್ಮದೇ ಹೆಸರು: ಬೆಂಕಿ ಹಗ್ಗ, ಗುಂಡು ತಳ್ಳು, ಮೂತಿ ಎಳಿ. ಖಳನಾಯಕ ಬೌಸರ್‌ನ ಮುಖ ಜಗ್ಗುವ ಆಟ ಬಂದರೆ "ಮೂತಿ ಎಳಿ ಬಂತು" ಅಂತ ಮೌಶಿಯೇ ಕೂಗುತ್ತಾಳೆ. ಹೌದು, ಆ ಧಾರಾವಾಹಿಯ ಮೌಶಿ.

ಅಜ್ಜಿಗೆ ನಾನು ಏನನ್ನೂ ಕಲಿಸಲಿಲ್ಲ. ಅರ್ಧ ಗಂಟೆ ಸುಮ್ನೆ ನೋಡಿ, "ಇದು ಚೌಕಾಬಾರಾನ ಅಲ್ಲೇನೋ, ಕವಡಿ ಬದಲಿ ದಾಳ" ಅಂದಳು. ಸ್ಟಾರ್‌ಗೆ 20 ನಾಣ್ಯ, ಬೂ ಎಂಬ ದೆವ್ವಕ್ಕೆ 50 ಕೊಟ್ಟರೆ ಬೇರೆಯವರ ಸ್ಟಾರ್ ಕದ್ದು ತರುತ್ತೆ, ಇಷ್ಟು ತಿಳಿದದ್ದೇ ತಡ, ಕಾಕಾನ ಸ್ಟಾರ್ ಕದಿಸಿದಳು. ಹಡೆದ ಮಗನದ್ದು! ಕಾಕಾ ಎರಡು ದಿನ ನೆಟ್ಟಗೆ ಮಾತಾಡಲಿಲ್ಲ. ಕೊನೆಗೆ ಬೋನಸ್ ಸ್ಟಾರ್ ಕೂಡ ಅವಳಿಗೇ ಬಂದು ಗೆದ್ದಳು. ಆ ರಾತ್ರಿಯ ನಂತರ ದೇವರ ಕೋಣೆಯ ವ್ಯಾಸಪೀಠದ ತಕರಾರು ನಿಂತಿತು, ಆದರೆ ನಾನು ಅದನ್ನು ಮುಟ್ಟುವುದಿಲ್ಲ.

ಒಂದೇ ಕಟ್ಟುನಿಟ್ಟು. ಮಿರ್ಚಿ ತಿಂದ ಕೈ ತೊಳೆಯದೆ ಜಾಯ್-ಕಾನ್ ಮುಟ್ಟುವಂತಿಲ್ಲ. ಒಮ್ಮೆ ಗಿರ್ಮಿಟ್‌ನ ಚುರುಮರಿ ಜಾಯ್-ಕಾನ್ ಪಕ್ಕದ ಹಳಿಯ ಸಂದಿನಲ್ಲಿ ಸಿಕ್ಕು, ಅಡ್ಡ ಹಿಡಿದಾಗ ಮೇಲೆ ಬರುವ ಸಣ್ಣ ಬಟನ್ ಎರಡೂ ಒಳಗೇ ಕೂತವು. ಸೂಜಿಯಿಂದ ತೆಗೆಯುವಾಗ ಈರುಳ್ಳಿ ವಾಸನೆ.

ಎಲ್ಲ ಕೂಡಿಸಿದರೆ, ಲೈಟ್‌ನ ನಷ್ಟವೂ ಸೇರಿ, ನಲವತ್ತೈದು ಸಾವಿರ ಮುಟ್ಟಿರಬೇಕು. ಅವ್ವನಿಗೆ ಮೂವತ್ತು ಅಂತ ಹೇಳಿದ್ದೇನೆ.

ಈಗ ಗೋಕುಲ ರೋಡಿನ ಗೆಳೆಯನಿಗೆ ವ್ಯಾಸಪೀಠ ಬೇಕಂತೆ, ಗದಗಿನ ಮಾಮಾನಿಗೂ ಒಂದು. ಬಡಿಗೇರರು ನಾನೂರು ಕೇಳುತ್ತಿದ್ದಾರೆ. ಚಪ್ಪಲಿ ರಬ್ಬರ್ ನಾವೇ ತರಬೇಕಂತೆ.